ಡಾಕ್ಟರೇಟ್ ಮುಗಿಸಿ ಮತ್ತೆ ಮೊದಲ ವರ್ಷ



ನಮ್ಮ ಮನೆ ತೀರ್ಥಹಳ್ಳಿಯಿಂದ ಒಂದಿಷ್ಟು ಒಳಗೆ, ಅಡಿಕೆ ತೋಟದ ಅಂಚಿನಲ್ಲಿದೆ. ಅಮೆರಿಕದಲ್ಲಿ ಜೀವರಸಾಯನ ವಿಜ್ಞಾನದ ಪಿಎಚ್.ಡಿ. ಮುಗಿಸಿ ಊರಿಗೆ ಬಂದ ಮರುದಿನ ಬೆಳಿಗ್ಗೆ, ಕೆಳಮನೆಯ ಅಜ್ಜ ಒಂದು ಪ್ಲಾಸ್ಟಿಕ್ ಕವರು ಹಿಡಿದು ನಮ್ಮ ಜಗಲಿಗೆ ಬಂದರು. ಕವರಿನಲ್ಲಿ ರಕ್ತಪರೀಕ್ಷೆಯ ಚೀಟಿಗಳು, ಮಡಿಸಿ ಮಡಿಸಿ ಅಂಚು ಹರಿದ ಔಷಧದ ಚೀಟಿ, ಮಾತ್ರೆಯ ಎರಡು ಸ್ಟ್ರಿಪ್ಪು. "ನೀನು ಡಾಕ್ಟ್ರಾಗಿ ಬಂದಿದೀಯಂತಲ್ಲ, ಇದೊಂಚೂರು ನೋಡಿ ಹೇಳು ಮಾರಾಯ್ತಿ" ಅಂದರು.

ನೋಡಿದೆ. ಕ್ರಿಯಾಟಿನಿನ್ 3 ದಾಟಿತ್ತು. ಐದೂವರೆ ವರ್ಷ ನಾನು ಕೆಲಸ ಮಾಡಿದ್ದು ಮೂತ್ರಪಿಂಡದ ಮೇಲೆಯೇ. ಸಕ್ಕರೆ ಕಾಯಿಲೆಯ ಇಲಿಗಳ ಮೂತ್ರಪಿಂಡದಲ್ಲಿ ಒಂದು ಕಿಣ್ವ ಏನು ಮಾಡುತ್ತದೆ ಎಂಬುದೇ ನನ್ನ ಪ್ರಬಂಧದ ವಸ್ತು. ಕ್ರಿಯಾಟಿನಿನ್ ಸ್ನಾಯುವಿನಲ್ಲಿ ಹೇಗೆ ಹುಟ್ಟುತ್ತದೆ, ರಕ್ತಕ್ಕೆ ಹೇಗೆ ಬರುತ್ತದೆ, ಮೂತ್ರಪಿಂಡ ಸೋತಾಗ ಯಾಕೆ ಏರುತ್ತದೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಅಜ್ಜ ಅದನ್ನೆಲ್ಲ ಕೇಳಲಿಲ್ಲ. ಸ್ಟ್ರಿಪ್ಪೊಂದನ್ನು ಮುಂದೆ ಹಿಡಿದು, "ಮಂಡಿನೋವಿಗೆ ಮೆಡಿಕಲ್ ಶಾಪಿನಲ್ಲಿ ಕೊಟ್ಟದ್ದು. ಇದನ್ನು ನುಂಗಬಹುದಾ, ಬೇಡವಾ?" ಎಂದು ಕೇಳಿದರು.

ಅದು ಡೈಕ್ಲೊಫೆನಾಕ್. ಆ ಜಾತಿಯ ಮಾತ್ರೆಗಳು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ ಎಂದು ನಾನು ಓದಿದ್ದೆ. ಆದರೆ ಇಲಿಯ ಮೂತ್ರಪಿಂಡದಿಂದ ಈ ಅಜ್ಜನ ಮೂತ್ರಪಿಂಡದವರೆಗಿನ ದಾರಿ ನನಗೆ ಗೊತ್ತಿರಲಿಲ್ಲ. ಅವರಿಗೆ ಬಿ.ಪಿ. ಎಷ್ಟಿದೆ, ಬೇರೆ ಏನೇನು ಮಾತ್ರೆ ನಡೆಯುತ್ತಿದೆ, ಇದನ್ನು ನಿಲ್ಲಿಸಿದರೆ ನೋವಿಗೆ ಬದಲಿಯಾಗಿ ಏನು ಕೊಡಬೇಕು, ಯಾವುದೂ ತಿಳಿಯದು. ಹೇಳುವ ಅಧಿಕಾರವೂ ಇರಲಿಲ್ಲ. "ನಾನು ಆ ಡಾಕ್ಟರಲ್ಲ ಅಜ್ಜಾ, ಶಿವಮೊಗ್ಗದಲ್ಲಿ ತೋರಿಸಿ" ಅಂದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಚೀಟಿಗಳನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿ, ಕವರಿನೊಳಗಿಟ್ಟು, ಕಾಫಿ ಕುಡಿದು ಹೋದರು.

ನಾನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೂ ಆ ಮಾತು ನನ್ನನ್ನು ಬಿಡಲಿಲ್ಲ. ಎರಡು ವರ್ಷದ ಮೇಲೆ, 31ನೆಯ ವಯಸ್ಸಿನಲ್ಲಿ, ಅಮೆರಿಕದಲ್ಲೇ ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕುವ ದಾರಿ ಹಿಡಿದೆ. ಆ ದಾರಿಯ ಬಗ್ಗೆ ಇವತ್ತು ಮಾತಾಡುತ್ತೇನೆ. ವಿಜ್ಞಾನದಲ್ಲಿ ಡಾಕ್ಟರೇಟ್ ಮಾಡುತ್ತಿರುವ ಕನ್ನಡದ ಹುಡುಗ ಹುಡುಗಿಯರು ನನಗೆ ಆಗಾಗ ಪತ್ರ ಬರೆದು ಇದನ್ನೇ ಕೇಳುತ್ತಾರೆ.

ಮೊದಲು ಒಂದು ಗೊಂದಲ ತಿಳಿಯಾಗಲಿ. ನಮ್ಮಲ್ಲಿ ಎಂ.ಬಿ.ಬಿ.ಎಸ್. ಮೊದಲ ಪದವಿ, ಎಂ.ಡಿ. ಅದರ ಮೇಲಿನದು. ಅಮೆರಿಕದಲ್ಲಿ ವೈದ್ಯರ ಮೊದಲ ಪದವಿಯ ಹೆಸರೇ ಎಂ.ಡಿ. ನಾಲ್ಕು ವರ್ಷದ ಕಾಲೇಜು ಮುಗಿಸಿದವರು ಅದಕ್ಕೆ ಸೇರುತ್ತಾರೆ. ಅದೂ ನಾಲ್ಕು ವರ್ಷ. ಆಮೇಲೆ ಆಸ್ಪತ್ರೆಯಲ್ಲಿ ರೆಸಿಡೆನ್ಸಿ, ಮೂರರಿಂದ ಏಳು ವರ್ಷ. ಎಂ.ಡಿ. ಮತ್ತು ಪಿಎಚ್.ಡಿ. ಎರಡನ್ನೂ ಒಟ್ಟಿಗೆ ಓದಿಸುವ ಯೋಜನೆಗೆ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ 1964ರಿಂದ ಹಣ ಕೊಡುತ್ತಿದೆ. ಆದರೆ ಅದು ಎರಡಕ್ಕೂ ಹೊಸದಾಗಿ ಸೇರುವವರಿಗೆ. ಪಿಎಚ್.ಡಿ. ಆಗಲೇ ಕೈಯಲ್ಲಿರುವವರು ಎಲ್ಲರ ಜೊತೆ ಸಾಲಿನಲ್ಲಿ ನಿಲ್ಲಬೇಕು.

ಆ ಸಾಲು ಸಣ್ಣದೇನಲ್ಲ. ವರ್ಷಕ್ಕೆ 50 ಸಾವಿರಕ್ಕೂ ಹೆಚ್ಚು ಮಂದಿ ಎಂ.ಡಿ. ಕಾಲೇಜುಗಳಿಗೆ ಅರ್ಜಿ ಹಾಕುತ್ತಾರೆ, ಸೀಟು ಸಿಗುವುದು 23 ಸಾವಿರದ ಆಸುಪಾಸು ಮಂದಿಗೆ. ನನ್ನ ಹೆಸರಿನ ಹಿಂದೆ ಡಾಕ್ಟರೇಟ್ ಇದೆ, ನಾಲ್ಕು ಸಂಶೋಧನಾ ಲೇಖನಗಳಿವೆ, ಇವರು ಕೈಹಿಡಿದು ಒಳಗೆ ಕರೆಯುತ್ತಾರೆ ಎಂದುಕೊಂಡಿದ್ದೆ. ಅರ್ಜಿಯ ನಿಯಮ ಓದುತ್ತಾ ಹೋದಂತೆ ಆ ನಂಬಿಕೆ ಒಂದೊಂದೇ ಸಾಲಿಗೆ ಕರಗಿತು. ಹೆಚ್ಚಿನ ಎಂ.ಡಿ. ಕಾಲೇಜುಗಳಿಗೆ ಒಂದೇ ಕೇಂದ್ರದ ಮೂಲಕ ಅರ್ಜಿ ಹೋಗುತ್ತದೆ. ಆ ಕೇಂದ್ರ ಪದವಿಯ ಅಂಕಗಳನ್ನೂ ಸಂಶೋಧನೆಯ ಕಾಲದ ಅಂಕಗಳನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕುತ್ತದೆ. ಹತ್ತೊಂಬತ್ತರ ವಯಸ್ಸಿನಲ್ಲಿ ಸಾವಯವ ರಸಾಯನದಲ್ಲಿ ಕಡಿಮೆ ಅಂಕ ಬಂದಿದ್ದರೆ, ಪಿಎಚ್.ಡಿ.ಯ ಒಳ್ಳೆಯ ಅಂಕ ಅದನ್ನು ಮುಚ್ಚುವುದಿಲ್ಲ.

ನಮ್ಮಂಥವರಿಗೆ ಇನ್ನೊಂದು ತೊಡಕು. ಹೊರದೇಶದ ಅಂಕಪಟ್ಟಿಯನ್ನು ಆ ಕೇಂದ್ರ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಶಿವಮೊಗ್ಗದಲ್ಲಿ ಬಿ.ಎಸ್ಸಿ., ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಮಾಡಿದ್ದೆ. ಹಲವು ಕಾಲೇಜುಗಳ ಪ್ರಕಾರ ನಾನು ಭೌತವಿಜ್ಞಾನ ಓದಿಯೇ ಇರಲಿಲ್ಲ. ಜೀವವಿಜ್ಞಾನ, ರಸಾಯನ, ಸಾವಯವ ರಸಾಯನ, ಭೌತವಿಜ್ಞಾನ, ಇಂಗ್ಲಿಷ್, ಇವೆಲ್ಲವನ್ನೂ ಅಮೆರಿಕದಲ್ಲೋ ಕೆನಡಾದಲ್ಲೋ ಪ್ರಯೋಗಾಲಯದ ಸಮೇತ ಓದಿರಬೇಕು. ಹಗಲು ಪೋಸ್ಟ್‌ಡಾಕ್ ಕೆಲಸ, ಸಂಜೆ ಅಲ್ಲಿನದೇ ಒಂದು ಸಣ್ಣ ಕಾಲೇಜಿನಲ್ಲಿ ಭೌತವಿಜ್ಞಾನದ ತರಗತಿ. ಪಕ್ಕದಲ್ಲಿ ಹತ್ತೊಂಬತ್ತರ ಹುಡುಗರು. ಇಳಿಜಾರಿನಲ್ಲಿ ಉರುಳುವ ಚೆಂಡಿನ ಲೆಕ್ಕವನ್ನು ಮತ್ತೊಮ್ಮೆ ಮಾಡಿದೆ. ಮೊದಲ ತಿಂಗಳು ಕಷ್ಟವಾಯಿತು. ಆಮೇಲೆ ಅದರಲ್ಲಿ ಒಂದು ನೆಮ್ಮದಿ ಸಿಕ್ಕಿತು: ಯಾರೂ ನನ್ನನ್ನು ಏನೂ ಬಲ್ಲವಳೆಂದು ನಂಬಿರಲಿಲ್ಲ, ಹಾಗಾಗಿ ಏನು ಬೇಕಾದರೂ ಕೇಳಬಹುದಿತ್ತು.

ವೀಸಾದ ಮಾತನ್ನು ಹೇಳಲೇಬೇಕು, ಯಾಕೆಂದರೆ ಇದು ತಿಳಿಯದೆ ವರ್ಷಗಳನ್ನು ಕಳೆದುಕೊಂಡವರನ್ನು ಕಂಡಿದ್ದೇನೆ. ವಿದ್ಯಾರ್ಥಿ ವೀಸಾದಲ್ಲಿರುವವರನ್ನು ಪಿಎಚ್.ಡಿ.ಗೆ ಸಂಬಳ ಕೊಟ್ಟು ಕರೆಯುವ ಅದೇ ವಿಶ್ವವಿದ್ಯಾಲಯ, ತನ್ನ ವೈದ್ಯಕೀಯ ಕಾಲೇಜಿಗೆ ಬಹುಪಾಲು ಸೇರಿಸಿಕೊಳ್ಳುವುದಿಲ್ಲ. ಸೇರಿಸಿಕೊಳ್ಳುವ ಕೆಲವು ಕಾಲೇಜುಗಳು ವರ್ಷಗಳ ಶುಲ್ಕವನ್ನು ಮೊದಲೇ ಠೇವಣಿ ಇಡಿ ಎನ್ನುವುದುಂಟು. ಸರ್ಕಾರಿ ಸಾಲ ಸಿಗುವುದು ಮುಖ್ಯವಾಗಿ ನಾಗರಿಕರಿಗೂ ಗ್ರೀನ್ ಕಾರ್ಡ್ ಇರುವವರಿಗೂ. ನನಗೆ ಗ್ರೀನ್ ಕಾರ್ಡ್ ಇತ್ತು, ಪತಿಯ ಕಡೆಯಿಂದ ಬಂದದ್ದು. ಅದಿಲ್ಲದಿದ್ದರೆ ಇವತ್ತು ಈ ಮಾತಾಡುತ್ತಿರಲಿಲ್ಲ. ನನ್ನಷ್ಟೇ, ನನಗಿಂತ ಹೆಚ್ಚೇ ಯೋಗ್ಯತೆ ಇದ್ದ ಗೆಳತಿಯರು ಆ ಒಂದು ಕಾಗದವಿಲ್ಲದೆ ನಿಂತುಹೋದರು. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಪ್ರವೇಶ ಪರೀಕ್ಷೆಯ ಹೆಸರು ಎಂಕ್ಯಾಟ್. ನಾಲ್ಕು ಭಾಗ, 230 ಪ್ರಶ್ನೆ, ವಿರಾಮವೂ ಸೇರಿ ಏಳೂವರೆ ಗಂಟೆ. ಅಂಕ 472ರಿಂದ 528ರವರೆಗೆ. ಸೀಟು ಸಿಕ್ಕವರ ಸರಾಸರಿ 511ರ ಆಸುಪಾಸು ಇರುತ್ತದೆ. ವಿಜ್ಞಾನದ ಭಾಗಗಳಿಗೆ ನಾನು ಹೆದರಲಿಲ್ಲ. ಹೆದರಿಸಿದ್ದು ಓದಿ ಅರ್ಥ ಮಾಡಿಕೊಳ್ಳುವ ಭಾಗ. ತತ್ವಶಾಸ್ತ್ರ, ಕಲೆ, ಇತಿಹಾಸ, ಯಾವುದಾದರೂ ಒಂದರ ಬಗ್ಗೆ ಒಂದು ಪುಟ ಕೊಡುತ್ತಾರೆ. ನಿಮಗೆ ಹೊರಗಿನಿಂದ ಏನು ಗೊತ್ತು ಎಂಬುದು ಅಲ್ಲಿ ಬೇಕಿಲ್ಲ. ಬರೆದವರು ಏನು ಹೇಳುತ್ತಿದ್ದಾರೆ, ಏನನ್ನು ಹೇಳದೆ ಬಿಟ್ಟಿದ್ದಾರೆ, ಅಷ್ಟೇ. ರೋಗಿಯ ಎದುರು ಕೂತ ವೈದ್ಯರು ದಿನವೂ ಮಾಡಬೇಕಾದ ಕೆಲಸವೂ ಇದೇ ಎಂದು ನನಗೆ ಅರ್ಥವಾದದ್ದು ಎಷ್ಟೋ ವರ್ಷದ ಮೇಲೆ.

ಅರ್ಜಿ ಮೇ ತಿಂಗಳಲ್ಲಿ ತೆರೆಯುತ್ತದೆ. ತರಗತಿ ಶುರುವಾಗುವುದು ಮುಂದಿನ ವರ್ಷದ ಜುಲೈ, ಆಗಸ್ಟಿನಲ್ಲಿ. ಅರ್ಜಿಯೊಳಗೆ, ನೀವೇಕೆ ವೈದ್ಯರಾಗಬೇಕು ಎಂದು 5,300 ಅಕ್ಷರಗಳೊಳಗೆ ಬರೆಯಬೇಕು. ನಾನು ಆ 5,300 ಅಕ್ಷರಗಳನ್ನು ನನ್ನ ಕಿಣ್ವಕ್ಕೆ ಕೊಟ್ಟೆ. ಇಪ್ಪತ್ತು ಕಾಲೇಜಿಗೆ ಹಾಕಿದೆ. ಒಂದರಿಂದಲೂ ಸಂದರ್ಶನಕ್ಕೆ ಕರೆ ಬರಲಿಲ್ಲ.

ಮನೆಗೆ ಫೋನ್ ಮಾಡಿ ಹೇಳಿದಾಗ ಅಮ್ಮ ಸುಮ್ಮನಿದ್ದು, "ಡಾಕ್ಟರೇಟ್ ಬಂದವರಿಗೆ ಡಾಕ್ಟರಾಗಲಿಕ್ಕೆ ಯಾಕೆ ಬಿಡುವುದಿಲ್ಲವಂತೆ?" ಎಂದು ಕೇಳಿದಳು. ಅದೇ ಪ್ರಶ್ನೆಯನ್ನು ಒಂದು ಕಾಲೇಜಿನ ಪ್ರವೇಶ ವಿಭಾಗದವರಿಗೆ ವಿನಯದಿಂದ ಬರೆದು ಕೇಳಿದೆ. ಅವರು ಫೋನಿನಲ್ಲಿ ಹತ್ತು ನಿಮಿಷ ಮಾತಾಡಿದರು. ನಿಮ್ಮ ಅರ್ಜಿಯಲ್ಲಿ ಒಳ್ಳೆಯ ವಿಜ್ಞಾನಿ ಇದ್ದಾರೆ, ಒಬ್ಬ ರೋಗಿಯೂ ಇಲ್ಲ ಅಂದರು. ಅದು ನಿಜ. ನನ್ನ ಬಳಿ ಬರುತ್ತಿದ್ದ ರೋಗಿಗಳ ಮಾದರಿಗಳೆಲ್ಲ ಸಂಖ್ಯೆ ಬರೆದ ಸಣ್ಣ ಕೊಳವೆಯಲ್ಲಿ, ಮಂಜುಗಡ್ಡೆಯ ಮೇಲೆ ಬರುತ್ತಿದ್ದವು. ಕೆಳಮನೆಯ ಅಜ್ಜನನ್ನು ನಾನು ಅರ್ಜಿಯಲ್ಲಿ ಬರೆದಿರಲೇ ಇಲ್ಲ. ಅದೆಲ್ಲ ಊರಿನ ವಿಷಯ, ಇವರಿಗೇಕೆ ಅಂದುಕೊಂಡಿದ್ದೆ.

ಆಮೇಲಿನ ಎರಡು ವರ್ಷ, ಪ್ರತಿ ಶನಿವಾರ, ಸಾವಿನ ಹತ್ತಿರವಿರುವವರನ್ನು ನೋಡಿಕೊಳ್ಳುವ ಒಂದು ಹಾಸ್ಪೈಸಿನಲ್ಲಿ ಸ್ವಯಂಸೇವಕಿಯಾಗಿ ಕೂತೆ. ಔಷಧ ಕೊಡುವುದು ನನ್ನ ಕೆಲಸವಲ್ಲ. ನೀರು ಕೊಡುವುದು, ಪತ್ರಿಕೆ ಓದಿ ಹೇಳುವುದು, ಮನೆಯವರು ಒಂದು ಗಳಿಗೆ ಹೊರಗೆ ಹೋಗಿ ಬರುವವರೆಗೆ ಪಕ್ಕದಲ್ಲಿ ಕೂರುವುದು. ರೈಲ್ವೆಯಲ್ಲಿ ದುಡಿದು ನಿವೃತ್ತರಾಗಿದ್ದ ಒಬ್ಬ ಹಿರಿಯರು ಡಯಾಲಿಸಿಸ್ ಸಾಕೆಂದು ತಾವೇ ನಿರ್ಧರಿಸಿ ಅಲ್ಲಿಗೆ ಬಂದಿದ್ದರು. ಎಂಟು ದಿನ ಇದ್ದರು. ಮೂತ್ರಪಿಂಡ ಸೋತ ಮನುಷ್ಯನಿಗೆ ಮೈ ತುರಿಸುತ್ತದೆ, ಬಾಯಿಗೆ ರುಚಿ ಇರುವುದಿಲ್ಲ, ಆದರೂ ಮೊಮ್ಮಗಳು ಬಂದಾಗ ಎದ್ದು ಕೂರಬೇಕೆನಿಸುತ್ತದೆ ಎಂದು ಅವರಿಂದ ತಿಳಿಯಿತು. ಐದೂವರೆ ವರ್ಷದಲ್ಲಿ ಯಾವ ಲೇಖನದಲ್ಲೂ ನಾನು ಓದದೆ ಇದ್ದದ್ದು ಅದು.

ಎರಡನೆಯ ಸಲ ಬರೆದ ಅರ್ಜಿಯಲ್ಲಿ ಕಿಣ್ವಕ್ಕೆ ಎರಡು ವಾಕ್ಯ ಸಿಕ್ಕಿತು, ಅಜ್ಜನಿಗೆ ಒಂದು ಪುಟ. ಮೂರು ಕಡೆಯಿಂದ ಕರೆ ಬಂತು. ಒಂದು ಸಂದರ್ಶನದಲ್ಲಿ ಹಿರಿಯ ಶಸ್ತ್ರವೈದ್ಯೆಯೊಬ್ಬರು, "ನಿಮ್ಮ ಮೇಲೆ ಇಷ್ಟು ಖರ್ಚಾಗಿದೆ. ನೀವು ಪ್ರಯೋಗಾಲಯ ಬಿಟ್ಟರೆ ವಿಜ್ಞಾನಕ್ಕೆ ನಷ್ಟವಲ್ಲವೇ?" ಎಂದು ಕೇಳಿದರು. ಎಲ್ಲ ಕಡೆಯೂ ಇದನ್ನು ಕೇಳುತ್ತಾರೆ, ಕೇಳಲೇಬೇಕು. ಪಿಎಚ್.ಡಿ. ಮುಗಿಸಿ ಕಾಯಂ ಕೆಲಸ ಸಿಗದೆ, ಬೇಸತ್ತು, ಇನ್ನೊಂದು ಬಾಗಿಲು ತಟ್ಟುವವರು ಬಹಳ ಮಂದಿ. ಅವರ ಸಂಕಟ ನಿಜ. ಆದರೆ ಪ್ರಯೋಗಾಲಯದ ಮೇಲಿನ ಬೇಸರ ಇನ್ನು ಹತ್ತು ವರ್ಷದ ರಾತ್ರಿ ಪಾಳಿಯನ್ನು ಹೊರುವಷ್ಟು ಗಟ್ಟಿ ಕಾರಣವಲ್ಲ. ನಾನು ಅವರಿಗೆ ಫ್ರಾನ್ಸಿಸ್ ಕೆಲ್ಸಿಯ ಹೆಸರು ಹೇಳಿದೆ. ಆ ಹೆಣ್ಣುಮಗಳ ಕಥೆಯನ್ನು ನಿಮಗೂ ಹೇಳಬೇಕು.

ಫ್ರಾನ್ಸಿಸ್ ಓಲ್ಡಮ್ (ಮದುವೆಯ ಮೇಲೆ ಕೆಲ್ಸಿ) ಹುಟ್ಟಿದ್ದು 1914ರಲ್ಲಿ, ಕೆನಡಾದಲ್ಲಿ. ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಔಷಧ ವಿಜ್ಞಾನದ ಹೊಸ ವಿಭಾಗಕ್ಕೆ ಬರೆದುಕೊಂಡರು. ಬಂದ ಉತ್ತರದಲ್ಲಿ ಅವರನ್ನು ಗಂಡಸೆಂದು ತಿಳಿದು ‘ಮಿಸ್ಟರ್’ ಎಂದು ಕರೆದಿತ್ತು. ಹೋಗಿ ಸೇರಿಯೇಬಿಟ್ಟರು. 1937ರಲ್ಲಿ ಅಮೆರಿಕದಲ್ಲಿ ಸಲ್ಫಾ ಔಷಧವನ್ನು ಸಿಹಿ ದ್ರವದಲ್ಲಿ ಕರಗಿಸಿ ಮಾರಿದರು. ಕರಗಿಸಲು ಬಳಸಿದ್ದು ಡೈಎಥಿಲೀನ್ ಗ್ಲೈಕಾಲ್. ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹಳ ಮಕ್ಕಳು. ಆ ವಿಷ ಕೆಡಿಸುವುದು ಮೂತ್ರಪಿಂಡವನ್ನು. ಕೆಮ್ಮಿನ ಸಿರಪ್ಪಿನಲ್ಲಿ ಅದೇ ವಿಷ ಸೇರಿ ಮಕ್ಕಳು ತೀರಿಕೊಂಡ ಸುದ್ದಿಯನ್ನು ನಮ್ಮ ಪತ್ರಿಕೆಗಳಲ್ಲಿ ಈಗಲೂ ಓದುತ್ತಿದ್ದೇವೆ. 1937ರ ಆ ಔಷಧವನ್ನು ಶಿಕಾಗೊದ ವಿಭಾಗದಲ್ಲಿ ಪ್ರಾಣಿಗಳ ಮೇಲೆ ಪರೀಕ್ಷಿಸಿದಾಗ ಫ್ರಾನ್ಸಿಸ್ ಅಲ್ಲಿ ವಿದ್ಯಾರ್ಥಿನಿ. 1938ರಲ್ಲಿ ಅವರಿಗೆ ಪಿಎಚ್.ಡಿ. ಬಂತು. ಯುದ್ಧದ ಕಾಲದಲ್ಲಿ ಮಲೇರಿಯಾ ಔಷಧಗಳ ಮೇಲೆ ದುಡಿದರು. ಗಬ್ಬದ ಮೊಲದ ದೇಹಕ್ಕೆ ಹೋದ ಕ್ವಿನೈನ್ ಹೊಟ್ಟೆಯ ಮರಿಗೂ ತಲುಪುತ್ತದೆ, ಮರಿ ಅದನ್ನು ತಾಯಿಯಂತೆ ಅರಗಿಸಿಕೊಳ್ಳಲಾರದು ಎಂದು ಆಗ ಕಂಡುಕೊಂಡರು.

ಅಲ್ಲಿಗೇ ನಿಂತಿದ್ದರೂ ಅವರು ಒಳ್ಳೆಯ ವಿಜ್ಞಾನಿಯೇ. ಆದರೆ ಮತ್ತೆ ವೈದ್ಯಕೀಯ ಕಾಲೇಜಿಗೆ ಸೇರಿದರು. 1950ರಲ್ಲಿ ಎಂ.ಡಿ. ಪಡೆಯುವಾಗ ಅವರಿಗೆ 35 ದಾಟಿತ್ತು, ಎರಡು ಹೆಣ್ಣುಮಕ್ಕಳಿದ್ದರು. ಸೌತ್ ಡಕೋಟಾದಲ್ಲಿ ಪಾಠ ಹೇಳಿದರು, ಸಾಮಾನ್ಯ ವೈದ್ಯೆಯಾಗಿ ರೋಗಿಗಳನ್ನು ನೋಡಿದರು. 1960ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಸೇರಿದ ಒಂದು ತಿಂಗಳಲ್ಲಿ ಅವರ ಮೇಜಿಗೆ ಥಾಲಿಡೊಮೈಡ್ ಎಂಬ ನಿದ್ರೆಯ ಮಾತ್ರೆಯ ಅರ್ಜಿ ಬಂತು. ಯುರೋಪಿನಲ್ಲಿ ಆಗಲೇ ಮಾರಾಟವಾಗುತ್ತಿತ್ತು. ಗರ್ಭಿಣಿಯರು ವಾಂತಿಗೂ ನುಂಗುತ್ತಿದ್ದರು.

ಆಗಿನ ಕಾನೂನಿನಂತೆ 60 ದಿನದೊಳಗೆ ಇಲಾಖೆ ಆಕ್ಷೇಪಿಸದಿದ್ದರೆ ಔಷಧ ತಾನಾಗಿ ಮಾರುಕಟ್ಟೆಗೆ ಹೋಗುತ್ತಿತ್ತು. ಕೆಲ್ಸಿ ಪ್ರತಿಸಲವೂ ಪುರಾವೆ ಸಾಲದು ಎಂದು ಬರೆದು ಹಿಂದಕ್ಕೆ ಕಳಿಸಿದರು. ಕಂಪನಿಯವರು ಮತ್ತೆ ಮತ್ತೆ ಬಂದರು, ಮೇಲಧಿಕಾರಿಗಳಿಗೆ ದೂರಿದರು. ಈ ನಡುವೆ ಬ್ರಿಟನ್ನಿನ ವೈದ್ಯಪತ್ರಿಕೆಯಲ್ಲಿ ಒಬ್ಬ ವೈದ್ಯರ ಚಿಕ್ಕ ಪತ್ರ ಬಂತು: ಈ ಮಾತ್ರೆಯನ್ನು ಬಹಳ ದಿನ ನುಂಗಿದವರಿಗೆ ಕೈಕಾಲು ಜೋಮು ಹಿಡಿಯುತ್ತಿದೆ ಎಂದು. ಕೆಲ್ಸಿ ಅದನ್ನು ಓದಿ, ದೊಡ್ಡವರ ನರಕ್ಕೇ ಹೀಗಾದರೆ ಹೊಟ್ಟೆಯ ಮಗುವಿನ ಗತಿ ಏನು, ಅದರ ಪುರಾವೆ ಕೊಡಿ ಎಂದು ಕೇಳಿದರು. 1961ರ ಕೊನೆಗೆ ಜರ್ಮನಿಯಿಂದಲೂ ಆಸ್ಟ್ರೇಲಿಯಾದಿಂದಲೂ ಸುದ್ದಿ ಬಂತು. ಲೋಕದಲ್ಲೆಲ್ಲ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಕೈಯೋ ಕಾಲೋ ಬೆಳೆಯದೆ ಹುಟ್ಟಿದ್ದರು. ಅಮೆರಿಕದಲ್ಲಿ ಮಾತ್ರೆ ಮಾರಾಟಕ್ಕೇ ಬರಲಿಲ್ಲ. ಪರೀಕ್ಷೆಗೆಂದು ವೈದ್ಯರ ಕೈಗೆ ಹಂಚಿದ್ದರಿಂದ ಮಾತ್ರ ಕೆಲವು ಮಕ್ಕಳಿಗೆ ಹಾನಿಯಾಯಿತು. 1962ರಲ್ಲಿ ಅಧ್ಯಕ್ಷ ಕೆನಡಿ ಕೆಲ್ಸಿಗೆ ಪದಕ ತೊಡಿಸಿದರು. ಔಷಧ ಗುಣ ಮಾಡುತ್ತದೆ ಎಂಬುದಕ್ಕೂ ಪುರಾವೆ ಕೊಡಬೇಕೆಂಬ ಕಾನೂನು ಅದೇ ವರ್ಷ ಬಂತು. ಅವರು 101 ವರ್ಷ ಬದುಕಿ 2015ರಲ್ಲಿ ತೀರಿಕೊಂಡರು.

ಮೊಲದ ಮರಿಯ ನೆನಪು ಅವರಿಗೆ ಬಂದದ್ದು ಸಂಶೋಧನೆಯಿಂದ. ನಿದ್ರೆಯ ಮಾತ್ರೆಯ ಅರ್ಜಿಯ ಹಿಂದೆ ಒಬ್ಬ ಬಸುರಿ ಹೆಂಗಸು ಕಂಡದ್ದು, ಮನೆ ಮನೆಯ ರೋಗಿಗಳನ್ನು ನೋಡಿದ್ದರಿಂದ ಎಂದು ನಾನು ತಿಳಿದಿದ್ದೇನೆ. ಎರಡೂ ಒಬ್ಬರ ತಲೆಯಲ್ಲೇ ಇದ್ದದ್ದರಿಂದ ಎಷ್ಟೋ ಮಕ್ಕಳು ಕೈಕಾಲು ಗಟ್ಟಿಯಾಗಿ ಹುಟ್ಟಿದರು. ಸಂದರ್ಶನದಲ್ಲಿ ಇಷ್ಟನ್ನೇ ಹೇಳಿದೆ. ವಿಜ್ಞಾನ ನಷ್ಟವಾಗುವುದಿಲ್ಲ, ಅದು ರೋಗಿಯ ಮಂಚದವರೆಗೆ ನಡೆದು ಬರುತ್ತದೆ ಅಂದೆ. ಆ ಕಾಲೇಜಿನಿಂದಲೇ ಸೀಟು ಬಂತು.

ಡಾಕ್ಟರೇಟ್ ಇದ್ದವರಿಗೆ ಅವಧಿ ಕಡಿಮೆ ಮಾಡಿದ ಕಾಲೇಜುಗಳೂ ಉಂಟು. ಮಯಾಮಿ ವಿಶ್ವವಿದ್ಯಾಲಯ 1971ರಲ್ಲಿ ವಿಜ್ಞಾನದ ಪಿಎಚ್.ಡಿ.ಗಳಿಗೆಂದೇ ಎರಡು ವರ್ಷದ ಎಂ.ಡಿ. ಶುರುಮಾಡಿತ್ತು, ಈಗ ಅದಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯ ಮೂರು ವರ್ಷದ್ದೊಂದನ್ನು ನಡೆಸುತ್ತದೆ, ಸೀಟು ಕೆಲವೇ. ನಾನು ಪೂರ್ತಿ ನಾಲ್ಕು ವರ್ಷ ಓದಿದೆ, ಒಂದು ದಿನವೂ ಹೆಚ್ಚೆನಿಸಲಿಲ್ಲ.

ಕರ್ನಾಟಕದಲ್ಲೇ ಇದ್ದು ಕೇಳುತ್ತಿರುವವರಿಗೆ ಒಂದು ಮಾತು. ನಮ್ಮಲ್ಲಿ ಎಂ.ಬಿ.ಬಿ.ಎಸ್. ಸೇರಲು ನೀಟ್ ಒಂದೇ ಬಾಗಿಲು: 180 ಪ್ರಶ್ನೆ, 720 ಅಂಕ. ಗರಿಷ್ಠ ವಯಸ್ಸಿನ ಮಿತಿಯನ್ನು 2022ರಲ್ಲಿ ತೆಗೆದರು. ಪಿ.ಯು.ಸಿ.ಯಲ್ಲಿ ಭೌತ, ರಸಾಯನ, ಜೀವವಿಜ್ಞಾನ ಓದಿದ್ದರೆ ಪಿಎಚ್.ಡಿ. ಆದವರೂ ಬರೆಯಬಹುದು. ಆದರೆ ಡಾಕ್ಟರೇಟಿಗೆ ಅಲ್ಲಿ ಒಂದಂಕವೂ ಇಲ್ಲ, ನೀವೇಕೆ ವೈದ್ಯರಾಗಬೇಕು ಎಂದು ಕೇಳುವವರೂ ಇಲ್ಲ. ರ‍್ಯಾಂಕ್ ಒಂದೇ ಮಾತು. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಯಾರೂ ಕೇಳದ ಆ ಪ್ರಶ್ನೆಯನ್ನು ನೀವೇ ಕೇಳಿಕೊಳ್ಳಬೇಕಾಗುತ್ತದೆ.

ಸೇರಿದ ಮೇಲೆ ಏನಾಯಿತು ಎಂದರೆ, ಜೀವರಸಾಯನದಲ್ಲಿ ನನಗಿದ್ದ ಮುನ್ನಡೆ ಆರು ವಾರ ಉಳಿಯಿತು. ಅಂಗರಚನೆಯ ಹೆಸರುಗಳನ್ನು ಇಪ್ಪತ್ತನಾಲ್ಕರ ಹುಡುಗಿಯರು ನನಗಿಂತ ಬೇಗ ಬಾಯಿಪಾಠ ಮಾಡಿದರು. ನಿಜವಾದ ಪಾಠ ಮೂರನೆಯ ವರ್ಷದಲ್ಲಿ, ಒಂದು ರಾತ್ರಿ ಪಾಳಿಯಲ್ಲಿ ಬಂತು. ಡಯಾಲಿಸಿಸ್ ತಪ್ಪಿಸಿಕೊಂಡಿದ್ದ ರೋಗಿಯ ಪೊಟ್ಯಾಸಿಯಮ್ ಏರಿತ್ತು, ಇಸಿಜಿಯ ಗೆರೆ ಬದಲಾಗುತ್ತಿತ್ತು. ನಾನು ಅಭ್ಯಾಸಬಲದಿಂದ, ರಕ್ತದ ಮಾದರಿ ಕೆಟ್ಟು ಹೀಗೆ ತೋರಿಸುತ್ತಿರಬಹುದು, ಮತ್ತೊಮ್ಮೆ ಪರೀಕ್ಷಿಸೋಣ ಅಂದೆ. ಮೇಲಿನ ರೆಸಿಡೆಂಟ್ ಹುಡುಗ, ನನಗಿಂತ ಆರು ವರ್ಷ ಚಿಕ್ಕವನು, "ಮೊದಲು ಕ್ಯಾಲ್ಸಿಯಂ ಕೊಡೋಣ, ಪರೀಕ್ಷೆ ಅದರ ಜೊತೆಯಲ್ಲೇ ನಡೆಯಲಿ" ಅಂದ. ಅವನೇ ಸರಿ. ಪ್ರಯೋಗಾಲಯದಲ್ಲಿ ಸಂಶಯ ಬಂದರೆ ನಿಲ್ಲುತ್ತೇವೆ. ವಾರ್ಡಿನಲ್ಲಿ ಸಂಶಯ ಇಟ್ಟುಕೊಂಡೇ ಕೈ ಮುಂದೆ ಹೋಗಬೇಕು. ಯಾವಾಗ ಕೆಲ್ಸಿಯಂತೆ ತಡೆಯಬೇಕು, ಯಾವಾಗ ಆ ಹುಡುಗನಂತೆ ಮುಂದುವರಿಯಬೇಕು ಎಂಬುದನ್ನು ನಾನು ಇನ್ನೂ ಕಲಿಯುತ್ತಿದ್ದೇನೆ.

ಕೆಳಮನೆಯ ಅಜ್ಜ ಆ ವೇಳೆಗೆ ವಾರಕ್ಕೆರಡು ಸಲ ಶಿವಮೊಗ್ಗಕ್ಕೆ ಡಯಾಲಿಸಿಸ್‌ಗೆ ಹೋಗುತ್ತಿದ್ದರು. ಆ ಮಾತ್ರೆಯಿಂದಲೇ ಹಾಗಾಯಿತೆಂದು ಹೇಳಲಾರೆ. ಅವರಿಗೆ ಸಕ್ಕರೆ ಕಾಯಿಲೆ ಇಪ್ಪತ್ತು ವರ್ಷದಿಂದ ಇತ್ತು. ನಾನು ವೈದ್ಯೆಯಾಗಿ ಬರುವಷ್ಟರಲ್ಲಿ ಅವರಿರಲಿಲ್ಲ.

ಪಿಎಚ್.ಡಿ. ಮಾಡುತ್ತಿರುವ ಮಕ್ಕಳಲ್ಲಿ ನನ್ನ ಬೇಡಿಕೆ ಒಂದೇ. ಅರ್ಜಿ ತುಂಬುವ ಮೊದಲು, ವಾರಕ್ಕೆ ಅರ್ಧ ದಿನದಂತೆ ಒಂದು ವರ್ಷ, ಆಸ್ಪತ್ರೆಯಲ್ಲೋ ಮನೆಯಲ್ಲೋ ಒಬ್ಬ ರೋಗಿಯ ಪಕ್ಕ ಕೂರಿ. ವರ್ಷ ಮುಗಿದ ಮೇಲೂ ಅಲ್ಲಿಗೆ ಹೋಗಬೇಕೆನಿಸಿದರೆ ಅರ್ಜಿ ಹಾಕಿ. ಮೇ ತಿಂಗಳು ಪ್ರತಿವರ್ಷವೂ ಬರುತ್ತದೆ.

ಅಂದು ಜಗಲಿಯಲ್ಲಿ ಹೇಳಲಾಗದೆ ಹೋದ ಮಾತನ್ನು ಈಗ ಎಲ್ಲರಿಗೂ ಹೇಳುತ್ತೇನೆ. ಸಕ್ಕರೆ ಕಾಯಿಲೆ, ಬಿ.ಪಿ., ಮೂತ್ರಪಿಂಡದ ತೊಂದರೆ ಇರುವ ಹಿರಿಯರು ಮನೆಯಲ್ಲಿದ್ದರೆ, ಅವರು ನೋವಿಗೆ ಯಾವ ಮಾತ್ರೆ ನುಂಗುತ್ತಿದ್ದಾರೆ ಎಂದು ಇವತ್ತೇ ಸ್ಟ್ರಿಪ್ಪು ತೆಗೆದು ನೋಡಿ. ಅದನ್ನು ನಿಮ್ಮ ವೈದ್ಯರಿಗೆ ತೋರಿಸಿ. ಅವರನ್ನು ಕೇಳದೆ ಅಂಗಡಿಯಿಂದ ನೋವಿನ ಮಾತ್ರೆ ತರಬೇಡಿ.